ಆಟ ನಿಂತಿತು, ನಿದ್ದೆಯೂ ಹೋಯಿತು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಮೂರು ವಾರ ಆಗಿತ್ತು. ಕರಾವಳಿಯ ಯಕ್ಷಗಾನ ಮೇಳದ ವೇಷಧಾರಿಯೊಬ್ಬರು ಆಪ್ತಸಲಹೆ ಕೇಳಿ ನನಗೆ ಫೋನ್ ಮಾಡಿದರು. ವಯಸ್ಸು 47. ಮೇ ಕೊನೆಯ ಪತ್ತನಾಜೆವರೆಗೆ (ಮೇಳಗಳು ವರ್ಷದ ಆಟ ಮುಗಿಸುವ ದಿನ) ಊರೂರಲ್ಲಿ ನಡೆಯಬೇಕಿದ್ದ ತಿರುಗಾಟ ಮಾರ್ಚ್‌ನಲ್ಲೇ ನಿಂತಿತ್ತು. ಹೆಂಡತಿ ಬೀಡಿ ಕಟ್ಟುತ್ತಿದ್ದರು. ಎಲೆ ಬಾರದೆ ಅದೂ ಇಲ್ಲ. "ರಾತ್ರಿ ನಿದ್ದೆ ಹತ್ತುವುದಿಲ್ಲ. ಹಗಲು ಸುಮ್ನೆ ಮಕ್ಕಳ ಮೇಲೆ ರೇಗುತ್ತೇನೆ" ಎಂದರು.

ನಾನು ಅವಸರ ಮಾಡಿದೆ. ಸದ್ಯಕ್ಕೆ ಬೇರೆ ಕೆಲಸ ನೋಡಬಹುದು ಅಲ್ವಾ ಎಂದು ಕೇಳಿಬಿಟ್ಟೆ. "ಇಪ್ಪತ್ತೈದು ವರ್ಷ ಕಿರೀಟ ಇಟ್ಟವನು ಯಾರ ಬಾಗಿಲಲ್ಲಿ ನಿಲ್ಲಲಿ?" ಎಂದು ಫೋನ್ ಇಟ್ಟರು.

ಮರುದಿನ ನಾನೇ ಕರೆ ಮಾಡಿ ಕ್ಷಮೆ ಕೇಳಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ತುಂಬ ಜನರಿಗಿದೆ. ಹಾಗಾಗುವುದಿಲ್ಲ, ಕೇಳಲೇಬೇಕು. ಅವರಿಗೆ ಅಂಥ ಯೋಚನೆ ಇರಲಿಲ್ಲ. ನಿಮಗೋ ನಿಮ್ಮವರಿಗೋ ಇದ್ದರೆ ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮೊದಲು ನಿದ್ದೆ ಹಿಡಿದೆವು. ಬೆಳಗಿನ ಜಾವ ಬಣ್ಣ ತೆಗೆದು ಹಗಲು ಮಲಗಿ ರೂಢಿಯಾದ ದೇಹ ಅದು, ಒಂದೇ ದಿನದಲ್ಲಿ ಬದಲಾಗದು. ಮೂರು ದಿನಕ್ಕೊಮ್ಮೆ ಇನ್ನೂ ಅರ್ಧ ಗಂಟೆ ಬೇಗ ಏಳುತ್ತ ಬನ್ನಿ ಎಂದೆ. ಎದ್ದ ಕೂಡಲೇ ಅಂಗಳದ ಬಿಸಿಲಲ್ಲಿ ನಿಲ್ಲಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಜಾಸ್ತಿ ಮಲಗಬೇಡಿ. ರಾತ್ರಿ ಸಾವಿನ ಲೆಕ್ಕ ಹೇಳುವ ಟಿವಿ ಬೇಡ.

ಸಾಲದ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಹೆಂಡತಿಯ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ ಎಂದೆ. ಬರೆದರು.

ಅವರನ್ನು ಜಾಸ್ತಿ ಕಾಡುತ್ತಿದ್ದುದು ಹಣವಲ್ಲ. ಬೇರೆ ಕೆಲಸಕ್ಕೆ ಕೈ ಹಾಕಿದರೆ ತಾನು ಕಲಾವಿದನಾಗಿ ಉಳಿಯುವುದಿಲ್ಲ ಎಂಬ ಹೆದರಿಕೆ. ಅದಕ್ಕೇ ಕೆಲಸದ ಮಾತು ಬಿಟ್ಟೆ. ದಿನಾ ಸಂಜೆ ಒಂದು ಗಂಟೆ ಮಗಳಿಗೆ ಹೆಜ್ಜೆ ಹೇಳಿಕೊಡಿ, ರಂಗಸ್ಥಳ ಇಲ್ಲದಿದ್ದರೂ ತಾಳ ಬಾಯಲ್ಲಿದೆಯಲ್ಲ ಎಂದೆ.

ಜೂನ್‌ನಲ್ಲಿ ಅವರೇ ಕರೆ ಮಾಡಿದರು. ಬೆಂಗಳೂರಿನಿಂದ ಊರಿಗೆ ಬಂದ ಹುಡುಗರು ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆ ಉಳಲು ಹೊರಟಿದ್ದರಂತೆ. ನೇಜಿ (ಭತ್ತದ ಸಸಿ) ನೆಡಲು ಗೊತ್ತಿದ್ದ ಇವರನ್ನು ಕರೆದಿದ್ದರು. "ಹೋಗಲಾ?" ಎಂದರು. ಹೋಗಿ, ಕೂಲಿಯನ್ನೂ ಸಂಕೋಚವಿಲ್ಲದೆ ತೆಗೆದುಕೊಳ್ಳಿ ಎಂದೆ.

ಜುಲೈಯಲ್ಲಿ ಕೊನೆಯ ಮಾತು. ಹನ್ನೊಂದಕ್ಕೆಲ್ಲ ನಿದ್ದೆ ಹತ್ತುತ್ತದೆ, ಸೊಂಟ ಮಾತ್ರ ನೋಯುತ್ತದೆ ಎಂದರು. ಹೆಜ್ಜೆ ಕಲಿಯಲು ಮಗಳು ಕಾಯುತ್ತಿದ್ದಾಳೆ ಎಂದು ಬೇಗ ಫೋನ್ ಇಟ್ಟರು.