ಕುರು ಕಾಯಿಲೆ ಮತ್ತು ವಂಶಾವಳಿ ಬರೆಯುವ ಕ್ರಮ

ಪ್ರಶ್ನೆ: ನಾನು ಬಿ.ಎ. ಮಾನವಶಾಸ್ತ್ರದ ವಿದ್ಯಾರ್ಥಿನಿ. ಪಪುವಾ ನ್ಯೂಗಿನಿಯ ಕುರು ಕಾಯಿಲೆ ವಂಶಪಾರಂಪರ್ಯದ್ದು ಎಂದು ಮೊದಲು ನಂಬಿದ್ದರಂತೆ. ಮಾನವಶಾಸ್ತ್ರಜ್ಞರ ವಂಶಾವಳಿ ಆ ನಂಬಿಕೆಯನ್ನು ಅಲುಗಿಸಿದ್ದು ಹೇಗೆ? ನಮ್ಮ ಪ್ರಾಜೆಕ್ಟಿಗೆ ಹಳ್ಳಿಯಲ್ಲಿ ವಂಶಾವಳಿ ಬರೆಯುವಾಗ ಎಲ್ಲಿ ತಪ್ಪಾಗುತ್ತದೆ?

ಉತ್ತರ: ಕುರು ಎಂಬುದು ಪಪುವಾ ನ್ಯೂಗಿನಿಯ ಪೂರ್ವ ಎತ್ತರನಾಡಿನ ಫೋರೆ ಜನರನ್ನು ಕಾಡಿದ ಮಿದುಳಿನ ಕಾಯಿಲೆ. ಮೊದಲು ಹೆಜ್ಜೆ ತಪ್ಪುತ್ತದೆ, ಮೈ ನಡುಗುತ್ತದೆ, ಕಡೆಗೆ ಕೂರಲೂ ಆಗುವುದಿಲ್ಲ. ಸಾಮಾನ್ಯವಾಗಿ ವರ್ಷದೊಳಗೆ ಸಾವು. 1957ರಲ್ಲಿ ವೈದ್ಯರಾದ ವಿನ್ಸೆಂಟ್ ಝಿಗಾಸ್ ಮತ್ತು ಕಾರ್ಲ್‌ಟನ್ ಗೈಡುಶೆಕ್ ಇದನ್ನು ವರದಿ ಮಾಡಿದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಒಂದೇ ಮನೆತನದಲ್ಲಿ ಸಾಲು ಸಾವು ಕಂಡದ್ದರಿಂದ ವಂಶವಾಹಿಯ ಮೇಲೆ ಅನುಮಾನ ಬಿತ್ತು.

1961ರಿಂದ ಅಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞರಾದ ರಾಬರ್ಟ್ ಗ್ಲಾಸ್ ಮತ್ತು ಶಿರ್ಲಿ ಲಿಂಡನ್‌ಬಾಮ್ ಊರೂರಿಗೆ ಹೋಗಿ, ನಿಮ್ಮಲ್ಲಿ ಈ ಕಾಯಿಲೆಗೆ ಮೊದಲು ಬಲಿಯಾದವರು ಯಾರು ಎಂದು ಕೇಳಿದರು. ಹಿರಿಯರಿಗೆ ಅದು ನೆನಪಿತ್ತು. ಅಂದರೆ ಕಾಯಿಲೆ ಬಂದದ್ದು ಇತ್ತೀಚೆಗೆ. ಹೀಗೆ ಕೊಲ್ಲುವ ವಂಶವಾಹಿ ಎರಡು-ಮೂರು ತಲೆಮಾರಿನಲ್ಲಿ ಅಷ್ಟು ಹಬ್ಬಲಾರದು. ವಂಶಾವಳಿ ಬರೆದಾಗ ಇನ್ನೊಂದು ಸಂಗತಿಯೂ ಹೊರಬಂತು: ಫೋರೆಗಳು ಬಂಧುಗಳೆಂದು ಹೇಳುವ ಎಷ್ಟೋ ಜನ ರಕ್ತಸಂಬಂಧಿಗಳೇ ಅಲ್ಲ. ಹಾಗಾಗಿ ಒಂದೇ ಮನೆತನದ ಸಾಲು ಸಾವನ್ನು ವಂಶವಾಹಿಯ ಗುರುತು ಎನ್ನುವಂತಿರಲಿಲ್ಲ. ಜೊತೆಗೆ, ಸತ್ತ ಬಂಧುವಿನ ದೇಹವನ್ನು ಗೌರವದಿಂದ ತಿನ್ನುವ ಪದ್ಧತಿಯಲ್ಲಿ ಮುಖ್ಯವಾಗಿ ಪಾಲ್ಗೊಳ್ಳುತ್ತಿದ್ದವರು ಹೆಂಗಸರು ಮತ್ತು ಅವರ ಜೊತೆಗಿರುವ ಮಕ್ಕಳು. ಸ್ವಲ್ಪ ದೊಡ್ಡವರಾದ ಹುಡುಗರು ಗಂಡಸರೆಲ್ಲ ಬೇರೆಯಾಗಿ ಒಟ್ಟಿಗೆ ಇರುವ ಮನೆಗೆ ಹೋಗುತ್ತಿದ್ದರು. ಸಾವಿನ ಲೆಕ್ಕವೂ ಇದಕ್ಕೆ ಸರಿಹೊಂದಿತು. ಕಾಯಿಲೆ ಹರಡಬಲ್ಲದು ಎಂಬುದು 1966ರಲ್ಲಿ ಚಿಂಪಾಂಜಿಗಳ ಪ್ರಯೋಗದಿಂದ ಖಚಿತವಾಯಿತು; ಕಾರಣ ಪ್ರಿಯಾನ್ ಎಂಬ, ಆಕಾರ ಕೆಟ್ಟ ಪ್ರೋಟೀನ್ ಎಂದು ಗೊತ್ತಾದದ್ದು ಆಮೇಲೆ. ಪದ್ಧತಿ 1950ರ ದಶಕದಲ್ಲಿ ನಿಂತಿತು. ಅದರ ನಂತರ ಹುಟ್ಟಿದವರಿಗೆ ಕುರು ಬರಲಿಲ್ಲ, ರೋಗಿಗಳ ಕನಿಷ್ಠ ವಯಸ್ಸು ಏರುತ್ತಲೇ ಹೋಯಿತು. ಪರೀಕ್ಷೆಯ ಉತ್ತರದಲ್ಲಿ ಈ ಸಂಗತಿಯನ್ನು ಬಿಡಬೇಡಿ. ಇದಕ್ಕಿಂತ ಬಲವಾದ ಪುರಾವೆ ಕಡಿಮೆ.

ಈಗ ನಿಮ್ಮ ಪ್ರಾಜೆಕ್ಟ್. ವಂಶಾವಳಿಯ ಕ್ರಮವನ್ನು ರೂಪಿಸಿದವರು ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯೂ.ಎಚ್.ಆರ್. ರಿವರ್ಸ್, ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ನಡುವಿನ ಟಾರೆಸ್ ಜಲಸಂಧಿಯ 1898ರ ಅಧ್ಯಯನದಲ್ಲಿ. ಮುಂದೆ ನಮ್ಮ ನೆರೆಯ ನೀಲಗಿರಿಯ ತೋಡರಲ್ಲೂ ಅದನ್ನೇ ಬಳಸಿದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೆರೆ, ಮದುವೆಗೆ ಸಮ ಚಿಹ್ನೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ.

ನಮ್ಮ ಕಡೆ ಹೆಚ್ಚು ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. "ನಿಮಗೆ ಎಷ್ಟು ಜನ ಅಣ್ಣತಮ್ಮಂದಿರು?" ಎಂದರೆ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳೂ ಸೇರಿಬಿಡುತ್ತಾರೆ. "ನಿಮ್ಮನ್ನು ಹೆತ್ತ ತಾಯಿಯ ಹೆಸರೇನು? ಆಕೆಗೆ ಹುಟ್ಟಿದ ಮಕ್ಕಳು ಯಾರ್ಯಾರು, ಹುಟ್ಟಿದ ಕ್ರಮದಲ್ಲೇ ಹೇಳಿ" ಎಂದು ಕೇಳಿ. ಹೆಸರುಗಳೆಲ್ಲ ನಕ್ಷೆಗೆ ಬಂದ ಮೇಲೆಯೇ, ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ದತ್ತು ಹೋದವರಿಗೆ ಚುಕ್ಕೆಗೆರೆ.

ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಕಂಡರೆ ನಿಧಾನವಾಗಿ, ಮೃದುವಾಗಿ ವಿಚಾರಿಸಿ. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗು ಲೆಕ್ಕದಿಂದ ಬಿಟ್ಟುಹೋಗಿರಬಹುದು. ಮದುವೆಯಾಗಿ ಹೊರಹೋದ ಹೆಣ್ಣುಮಕ್ಕಳ ಹೆಸರು ಗಂಡಸರ ಬಾಯಲ್ಲಿ ಎಷ್ಟೋ ಸಲ ಬರುವುದೇ ಇಲ್ಲ, ಅಜ್ಜಿಯನ್ನು ಕೇಳಿ. ಆದರೆ ಆಕೆ ಗಂಡನ ಹೆಸರು ಹೇಳದಿರಬಹುದು. ಒತ್ತಾಯಿಸದೆ ಮೊಮ್ಮಕ್ಕಳಿಂದ ಪಡೆಯಿರಿ. ಅಕ್ಕನ ಮಗಳನ್ನು ಮದುವೆಯಾದ ಮನೆಗಳಲ್ಲಿ ಒಬ್ಬಳೇ ಹೆಣ್ಣು ಸೊಸೆಯಾಗಿಯೂ ಮೊಮ್ಮಗಳಾಗಿಯೂ ಎರಡು ಕಡೆ ಬರುತ್ತಾಳೆ. ಅವಳನ್ನು ಎರಡು ಸಲ ಬರೆದರೆ ಜನಸಂಖ್ಯೆಯೇ ತಪ್ಪುತ್ತದೆ. ಒಂದೇ ಸಂಖ್ಯೆ ಕೊಟ್ಟು ಗೆರೆ ಎಳೆಯಿರಿ.

ಇಸವಿ ನೆನಪಿಲ್ಲದವರಿಗೆ ಊರಿಗೆ ಕರೆಂಟು ಬಂದದ್ದು, ಕೆರೆ ಕೋಡಿ ಒಡೆದದ್ದು ಇಂಥ ಗುರುತು ಕೊಡಿ. ಒಂದೇ ಮನೆತನವನ್ನು ಇಬ್ಬರಿಂದ ಬೇರೆಬೇರೆಯಾಗಿ ಕೇಳಿ, ವ್ಯತ್ಯಾಸ ಬಂದರೆ ನೀವೇ ತಿದ್ದದೆ ಎರಡನ್ನೂ ದಾಖಲಿಸಿ. ಕಾಯಿಲೆ, ದತ್ತು, ಮರುಮದುವೆಯ ವಿವರಗಳನ್ನು ಒಪ್ಪಿಗೆ ಪಡೆದೇ ಬರೆಯಿರಿ. ಕಾಲೇಜಿಗೆ ಕೊಡುವ ಪ್ರತಿಯಲ್ಲಿ ಹೆಸರು ಬೇಡ, ಸಂಖ್ಯೆ ಮಾತ್ರ ಇರಲಿ.