ಬೀರುವಿನಲ್ಲಿ ಸಿಕ್ಕ ಹಳೇ ವಿಲ್

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಶೈಲಾ ಅವರ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಗಂಡನಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ಗೀತಾ ಜೊತೆ 2011ರಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಪಡೆದಿದ್ದರು. ಆ ಮದುವೆಯ ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಶೈಲಾಗೆ ಹನ್ನೊಂದು ವರ್ಷದ ಮಗ. ತೀರಿಕೊಂಡವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಕಾಗದ ಹುಡುಕುವಾಗ ಬೀರುವಿನಲ್ಲಿ 2006ರ ನೋಂದಾಯಿತ ವಿಲ್ ಸಿಕ್ಕಿತು. ಅವರೇ ದುಡಿದು ಮಾಡಿದ ಮನೆ, ಊರಾಚೆಯ ಸೈಟು, ಎರಡೂ 'ನನ್ನ ಹೆಂಡತಿ ಗೀತಾಳಿಗೆ' ಎಂದಿತ್ತು.

ಸಲಹೆ ಕೇಳಲು ನನ್ನ ಹತ್ತಿರ ಬಂದ ಶೈಲಾ ಜೊತೆ ಅವರ ಅಣ್ಣನೂ ಇದ್ದರು. ಮಾತೆಲ್ಲ ಅವರದೇ. "ಡೈವೋರ್ಸ್ ಆದ್ಮೇಲೆ ವಿಲ್ ತಾನಾಗೇ ಬಿದ್ದುಹೋಗುತ್ತೆ ಅಲ್ವಾ ಮೇಡಂ? ವಿಡಿಯೋದಲ್ಲಿ ನೋಡಿದೆ." ಇಂಗ್ಲೆಂಡಿನಲ್ಲಾದರೆ ಆ ಮಾತು ಹೆಚ್ಚುಕಡಿಮೆ ಸರಿ. ಅಲ್ಲಿ ವಿಚ್ಛೇದನದ ನಂತರ ಮಾಜಿ ಸಂಗಾತಿ ಸತ್ತಂತೆಯೇ ಲೆಕ್ಕ ಹಾಕಿ ವಿಲ್ ಓದುತ್ತಾರೆ. ನಮ್ಮ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಹಾಗಿಲ್ಲ. ಮತ್ತೆ ಮದುವೆಯಾದರೆ ಕ್ರೈಸ್ತರ, ಪಾರ್ಸಿಗಳ ಹಳೇ ವಿಲ್ ರದ್ದಾಗುತ್ತದೆ, ಹಿಂದೂಗಳದ್ದು ಆಗುವುದಿಲ್ಲ.

ಅಣ್ಣ ದನಿ ತಗ್ಗಿಸಿದರು. "ಹಾಗಾದ್ರೆ ಸುಮ್ನೆ ಹರಿದು ಹಾಕಿಬಿಟ್ರೆ?" ಬದುಕಿದ್ದಾಗ ನಿಮ್ಮ ಭಾವ ರದ್ದು ಮಾಡಬೇಕು ಅಂತಲೇ ಹರಿದಿದ್ದರೆ ರದ್ದಾಗುತ್ತಿತ್ತು, ಈಗ ನೀವು ಹರಿದರೆ ಜೈಲಿಗೆ ಹೋಗುವ ಅಪರಾಧ ಎಂದೆ. ಮೇಲಾಗಿ ವಿಲ್ ನೋಂದಣಿ ಆಗಿದೆ. ಬರೆದವರು ತೀರಿಕೊಂಡ ಮೇಲೆ ಉಪನೋಂದಣಿ ಕಚೇರಿಯಲ್ಲಿ ಯಾರು ಅರ್ಜಿ ಹಾಕಿದರೂ ಅದರ ನಕಲು ಸಿಗುತ್ತದೆ.

ಅವರನ್ನು ಸ್ವಲ್ಪ ಹೊರಗೆ ಕೂರಲು ಹೇಳಿದೆ. ಆಮೇಲಷ್ಟೇ ಶೈಲಾ ಬಾಯಿ ಬಿಟ್ಟರು. "ಆಸ್ತಿ ಹೋಗ್ಲಿ ಮೇಡಂ. ಇಷ್ಟು ವರ್ಷ ಸಂಸಾರ ಮಾಡಿದೀನಿ. ಒಂದು ಸಲಾನೂ ಆ ಹೆಸರು ತೆಗೀಬೇಕು ಅನ್ನಿಸ್ಲಿಲ್ವಾ ಅವರಿಗೆ?"

ನನಗೆ ಕಂಡ ನಿಜವಾದ ಗಾಯ ಇದು. ಅವರು ಆ ವಿಲ್ಲನ್ನು ಆಸ್ತಿ ಪತ್ರವಾಗಿ ಓದಿರಲಿಲ್ಲ, ಗಂಡನ ಮನಸ್ಸು ಅಂತ ಓದಿದ್ದರು. ಗಂಡ ಬದಲಿಸದೆ ಬಿಟ್ಟ ಬೇರೆ ಕಾಗದಗಳು ಏನಿವೆ ಎಂದು ಕೇಳಿದೆ. ಯೋಚಿಸಿದರು. ಬ್ಯಾಂಕ್ ಖಾತೆಗೆ ನಾಮಿನಿ ತೀರಿಹೋದ ಮಾವ. ಸ್ಕೂಟರಿನ ಆರ್‌ಸಿ ಇವತ್ತಿಗೂ ಮಾವನ ಹೆಸರಲ್ಲೇ. ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ಪಿಎಫ್ ನಾಮಿನಿ ಮಾತ್ರ ಶೈಲಾ ಮತ್ತು ಮಗ. ಯಾಕೆಂದರೆ ಆಫೀಸಿನವರೇ ಫಾರಂ ಮುಂದಿಟ್ಟು ಸೈನ್ ಮಾಡಿಸಿಕೊಂಡಿದ್ದರು. ಯಾರಾದರೂ ಎದುರಿಗೆ ನಿಂತು ಮಾಡಿಸಿದರೆ ಮಾಡುವ, ಇಲ್ಲದಿದ್ದರೆ ನಾಳೆ ನೋಡೋಣ ಅನ್ನುವ ಮನುಷ್ಯ. ನಮ್ಮ ಗಂಡಸರಲ್ಲಿ ಇಂಥವರೇನು ಕಡಿಮೆಯೇ!

ಆಮೇಲೆ ಅಣ್ಣನನ್ನೂ ಒಳಗೆ ಕರೆದು ಸಲಹೆ ಕೊಟ್ಟೆ. ಕೌಟುಂಬಿಕ ನ್ಯಾಯಾಲಯದಿಂದ ವಿಚ್ಛೇದನದ ಜಂಟಿ ಅರ್ಜಿಯ ದೃಢೀಕೃತ ನಕಲು ತರಿಸಿ. ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರು ಹಕ್ಕು ಕೇಳುವುದಿಲ್ಲ ಎಂಬ ಸಾಲು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಷ್ಟರಿಂದಲೇ ವಿಲ್ ಬೀಳುತ್ತದೆ ಎಂದುಕೊಳ್ಳಬೇಡಿ, ಮಾತುಕತೆ ಶುರು ಮಾಡಲು ಆಸರೆಯಾಗುತ್ತದೆ. ವಿಲ್ ಬಿದ್ದರೂ ಪೂರ್ತಿ ಆಸ್ತಿ ನಿಮಗೆ ಬರುವುದಿಲ್ಲ. ಹೆಂಡತಿ, ಮಗ, ಮೊದಲ ಮದುವೆಯ ಮಗಳು, ಅತ್ತೆ, ನಾಲ್ವರಿಗೂ ಸಮಪಾಲು. ಇದನ್ನು ಕೇಳಿ ಅಣ್ಣನ ಮುಖ ಸಪ್ಪಗಾಯಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಮೊದಲು ಅಲ್ಲಿಗೆ ಹೋಗಿ ಎಂದೆ. ಇನ್ನೊಂದನ್ನು ಒತ್ತಿ ಹೇಳಿದೆ: ಮಗುವಿನ ಎದುರು ಈ ಮಾತು ಬೇಡ. "ಅಕ್ಕ ನಮ್ಮನ್ನ ಮನೆಯಿಂದ ಓಡಿಸ್ತಾಳಾ?" ಎಂದು ಆ ಹುಡುಗ ಆಗಲೇ ಅಮ್ಮನನ್ನು ಕೇಳಿದ್ದ.

ಶೈಲಾ ಒಪ್ಪಿದ ಮೇಲೆ ಗೀತಾಗೆ ಪತ್ರ ಬರೆದೆ. ಅವರು ಬಂದರು. ಕೈಯಲ್ಲೊಂದು ವಂಶವೃಕ್ಷದ ನಕಲು. "ಆ ಮನೆ ನನಗೆ ಬೇಡ ಮೇಡಂ. ಇದರಲ್ಲಿ ನನ್ನ ಮಗಳ ಹೆಸರೇ ಇಲ್ಲ, ನೋಡಿ. ಅವಳು ಅವರ ಮಗಳಲ್ವಾ?" ಆ ವಂಶವೃಕ್ಷಕ್ಕೆ ಅಫಿಡವಿಟ್ ಬರೆಸಿದ್ದು ಶೈಲಾ ಅಣ್ಣ. ಶೈಲಾಗೆ ಅದು ಗೊತ್ತೇ ಇರಲಿಲ್ಲ. ವಿಲ್ ವಿಷಯ ಪಕ್ಕಕ್ಕಿಡಿ, ಮೊದಲು ನಾಡಕಚೇರಿಗೆ ಹೋಗಿ ವಂಶವೃಕ್ಷ ಸರಿಪಡಿಸಿ ಎಂದೆ. ಅದಾದ ಮೇಲೆ ಗೀತಾ ದನಿಯೇ ಬದಲಾಯಿತು.

ಈಗ ಇಬ್ಬರ ವಕೀಲರೂ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತಿದ್ದಾರೆ. ಮನೆ ಶೈಲಾ ಮತ್ತು ಮಗನಿಗೆ, ಸೈಟು ಮಗಳಿಗೆ, ಅತ್ತೆ ಬದುಕಿರುವವರೆಗೆ ಅದೇ ಮನೆಯಲ್ಲಿ. ಮಾತು ಇಲ್ಲಿಗೆ ಬಂದಿದೆ. ಹುಡುಗ ಅಪ್ರಾಪ್ತ, ಅವನ ಪಾಲಿನ ಸ್ಥಿರಾಸ್ತಿಯನ್ನು ಬಿಟ್ಟುಕೊಡುವುದಾದರೆ ತಾಯಿಯ ಸಹಿ ಸಾಲದು, ಕೋರ್ಟಿನ ಅನುಮತಿ ಬೇಕು. ಅದನ್ನು ತಪ್ಪಿಸಿ ಅವಸರ ಮಾಡಬೇಡಿ ಎಂದು ಎಚ್ಚರಿಸಿದ್ದೇನೆ. ಸೈಟಿನ ಬೆಲೆ ಜಾಸ್ತಿ ಎಂದು ಅಣ್ಣನ ತಕರಾರು ಇನ್ನೂ ಇದೆ. ಎರಡೂ ಕಡೆಯವರು ಒಪ್ಪುವ ಒಬ್ಬರಿಂದ ಬೆಲೆ ಕಟ್ಟಿಸಿ ಎಂದಿದ್ದೇನೆ. ಶೈಲಾ ಈಗ ನನ್ನ ಹತ್ತಿರ ಒಬ್ಬರೇ ಬರುತ್ತಾರೆ.