ಅಮೆರಿಕದ ಅಧ್ಯಕ್ಷ ಚುನಾವಣೆ ಬಿಗಿಯಾದಾಗ ಬೆಂಬಲಿಗರೆಲ್ಲ ಒಂದೆರಡು ರಾಜ್ಯಗಳ ಬಗ್ಗೆಯೇ ಯಾಕೆ ಮಾತಾಡುತ್ತಾರೆ?

ಯಾಕಂದ್ರೆ ಅಲ್ಲಿ ಗೆಲುವನ್ನು ತೀರ್ಮಾನಿಸುವುದು ದೇಶದ ಒಟ್ಟು ಮತವಲ್ಲ, ರಾಜ್ಯವಾರು ಲೆಕ್ಕ. ಯಾವ ಕಡೆಗೂ ವಾಲದ ರಾಜ್ಯಗಳೇ ಫಲಿತಾಂಶ ಬದಲಿಸಬಲ್ಲವು.

ಪ್ರತಿ ರಾಜ್ಯಕ್ಕೂ ಇಷ್ಟು ಅಂತ ‘ಎಲೆಕ್ಟರ್’ಗಳಿರುತ್ತಾರೆ. ಅಧ್ಯಕ್ಷರಿಗೆ ವಿಧಿವತ್ತಾಗಿ ಮತ ಹಾಕುವ ಪ್ರತಿನಿಧಿಗಳು ಇವರು. ಒಟ್ಟು 538 ಮಂದಿ, ಗೆಲ್ಲಲು 270 ಬೇಕು. ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದೆಲ್ಲ ಕಡೆ ಒಂದೇ ಮತ ಜಾಸ್ತಿ ಬಂದರೂ ಸಾಕು, ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಗೆದ್ದವರ ಪಾಲು. ಹೀಗಿರುವಾಗ ಡೆಮಾಕ್ರಟಿಕ್ ಪಕ್ಷ ಹೇಗೂ ಗೆಲ್ಲುವ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಇನ್ನೂ ಹತ್ತು ಲಕ್ಷ ಮತ ಬಿದ್ದರೂ ಏನು ಬಂತು, ಅಲ್ವಾ?

2004ರ ಚುನಾವಣೆ ನೋಡಿ. ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರಿ ಬೆಂಬಲಿಗರದ್ದು ಆಗ ಒಹಾಯೊ ರಾಜ್ಯದ ಜಪ. ಅಲ್ಲಿ 20 ಎಲೆಕ್ಟರ್‌ಗಳಿದ್ದರು. ಎದುರಾಳಿ, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಇಡೀ ದೇಶದಲ್ಲಿ ಸುಮಾರು 30 ಲಕ್ಷ ಮತಗಳಿಂದ ಮುಂದಿದ್ದರು, ಒಹಾಯೊದಲ್ಲಿ ಮಾತ್ರ ಅಂತರ ಸುಮಾರು 1,18,000. ಅಲ್ಲಿ 60,000 ಜನ ಮನಸ್ಸು ಬದಲಿಸಿದ್ದರೆ ಕೆರಿಯೇ ಅಧ್ಯಕ್ಷರು!

ಕೊನೆಯ ದಿನಗಳಲ್ಲಿ ಬೆಂಬಲಿಗರ ಮಾತು ನೀತಿ, ಭಾಷಣ ಬಿಟ್ಟು ಬೇರೆ ಕಡೆ ತಿರುಗುವುದೂ ಇದಕ್ಕೇ. ಬಹುತೇಕ ಮತದಾರರು ಆಗಲೇ ನಿರ್ಧರಿಸಿರುತ್ತಾರೆ. ನಾಳೆ ಮಳೆ ಬರುತ್ತಾ, ಪಕ್ಕದ ಮನೆ ಅಜ್ಜಿಯನ್ನು ಮತಗಟ್ಟೆಗೆ ಯಾರು ಕರೆದುಕೊಂಡು ಹೋಗ್ತಾರೆ, ಇಂಥವೇ ದೊಡ್ಡ ವಿಷಯ. ಆ ವರ್ಷ ಒಹಾಯೊದ ಗ್ಯಾಂಬಿಯರ್ ಎಂಬ ಪುಟ್ಟ ಊರಲ್ಲಿ ಇದ್ದದ್ದು ಎರಡೇ ಮತಯಂತ್ರ. ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಹತ್ತು ತಾಸು ಸಾಲಲ್ಲಿ ನಿಂತು ಮತ ಹಾಕಿದರು.